ಉಪ್ಪು ಯಾರದ್ದು ಎಂದು ಮೊದಲು ಕೇಳಿ: ವಿಜ್ಞಾನ ವರದಿಗಾರರಿಗೆ ನಿಷ್ಪಕ್ಷಪಾತದ ಸಮಗ್ರ ಮಾರ್ಗದರ್ಶಿ

ವರದಿಗಾರಿಕೆಗೆ ಬಂದ ಹೊಸದರಲ್ಲಿ, ರೋಗ ಪತ್ತೆಹಚ್ಚುವ ಹೊಸ ಉಪಕರಣವೊಂದರ ಬಗ್ಗೆ ಬರೆದಿದ್ದೆ. ಸಂಶೋಧಕರ ಮಾತಿನ ಜೊತೆಗೆ ಒಬ್ಬ ‘ಸ್ವತಂತ್ರ ತಜ್ಞ’ರ ಅಭಿಪ್ರಾಯವನ್ನೂ ಸೇರಿಸಿದ್ದೆ. ಕಾಪಿ ಚೆನ್ನಾಗಿದೆ ಎಂದು ಡೆಸ್ಕಿನವರು ಬೆನ್ನು ತಟ್ಟಿದರು. ಮೂರನೇ ದಿನ ಓದುಗರೊಬ್ಬರಿಂದ ಒಂದೇ ಸಾಲಿನ ಇಮೇಲ್: ‘ನೀವು ಸ್ವತಂತ್ರ ಎಂದು ಕರೆದವರು ಅದೇ ಕಂಪನಿಯ ಸಲಹಾ ಮಂಡಳಿಯಲ್ಲಿದ್ದಾರೆ, ಗೊತ್ತಿತ್ತೇ?’ ಗೊತ್ತಿರಲಿಲ್ಲ. ಕಂಪನಿಯ ವೆಬ್‌ಸೈಟ್ ತೆರೆದರೆ ಮೂರನೇ ಸಾಲಿನಲ್ಲಿ ಅವರ ಫೋಟೊ ನಗುತ್ತಿತ್ತು. ಆ ತಜ್ಞರು ನನಗೇನೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಅವತ್ತಿನಿಂದ ನಾನು ಪಾಲಿಸುತ್ತಾ ಬಂದ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಇಟ್ಟಿದ್ದೇನೆ.

‘ಹಿತಾಸಕ್ತಿ ಸಂಘರ್ಷ’ ಎಂಬ ಪದಕ್ಕೆ ಕಚೇರಿ ಸುತ್ತೋಲೆಯ ವಾಸನೆ ಇದೆ. ಅದಕ್ಕಿಂತ ಹಳೆಯ, ಹೆಚ್ಚು ನಿಖರವಾದ ಮಾತು ನಮ್ಮಲ್ಲೇ ಇದೆ: ಉಪ್ಪಿನ ಋಣ. ಯಾರ ಉಪ್ಪು ತಿಂದಿದ್ದೇವೋ ಅವರ ವಿರುದ್ಧ ನಾಲಿಗೆ ಏಳುವುದಿಲ್ಲ. ಬದುಕಿನಲ್ಲಿ ಇದು ಒಳ್ಳೆಯ ಗುಣ, ವರದಿಗಾರಿಕೆಯಲ್ಲಿ ಇದೇ ತೊಡಕು. ಋಣ ಇದ್ದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ. ಎಷ್ಟೋ ಸಲ ಋಣ ಇರುವವರಿಗೇ ಅದು ತಮ್ಮ ತೀರ್ಮಾನವನ್ನು ವಾಲಿಸುತ್ತಿದೆ ಎಂಬುದು ತಿಳಿದಿರುವುದಿಲ್ಲ. ಆದ್ದರಿಂದಲೇ ಹೊರಗಿನವರು ನೋಡಬೇಕು. ಆ ಹೊರಗಿನವರು ನಾವು.

ಹೆಜ್ಜೆ 1: ನಿಮ್ಮದೇ ಋಣಪಟ್ಟಿ ಬರೆಯಿರಿ

ಬೇರೆಯವರ ಜೇಬು ತಡಕುವ ಮೊದಲು ನಮ್ಮ ಜೇಬು ತೆರೆದು ನೋಡಿಕೊಳ್ಳಬೇಕು. ಇದಕ್ಕೆ 1945ರ ಕಥೆಗಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ವಿಲಿಯಂ ಲಾರೆನ್ಸ್ ನ್ಯೂಯಾರ್ಕ್ ಟೈಮ್ಸ್‌ನ ವಿಜ್ಞಾನ ವರದಿಗಾರ. 1937ರಲ್ಲೇ ಪುಲಿಟ್ಜರ್ ಪ್ರಶಸ್ತಿ ಹಂಚಿಕೊಂಡವರು. 1945ರಲ್ಲಿ ಅಣುಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಲೆಸ್ಲಿ ಗ್ರೋವ್ಸ್, ಲಾರೆನ್ಸ್ ಅವರನ್ನು ಪತ್ರಿಕೆಯಿಂದ ಎರವಲು ಪಡೆದರು. ಲಾರೆನ್ಸ್ ಯುದ್ಧ ಇಲಾಖೆಗೆ ಪ್ರೆಸ್ ರಿಲೀಸ್ ಬರೆದುಕೊಟ್ಟರು. ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಾಂಬ್ ಬಿದ್ದದ್ದನ್ನು ಜೊತೆಗೆ ಹಾರುತ್ತಿದ್ದ ವಿಮಾನದಲ್ಲಿ ಕುಳಿತು ನೋಡಿದರು. ಬೇರೆ ಯಾವ ಪತ್ರಕರ್ತನಿಗೂ ಸಿಗದ ಜಾಗ ಅದು. ಅದರ ಬೆಲೆ ಗೊತ್ತಾದದ್ದು ಮುಂದಿನ ತಿಂಗಳು. ಸೆಪ್ಟೆಂಬರ್ 5ರಂದು ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ನಲ್ಲಿ, ವಿಲ್ಫ್ರೆಡ್ ಬರ್ಚೆಟ್ ಹಿರೋಶಿಮಾದಿಂದ ಕಳಿಸಿದ ವರದಿ ಬಂತು: ಸ್ಫೋಟದಲ್ಲಿ ಗಾಯಗೊಳ್ಳದವರೂ ಏನೆಂದು ತಿಳಿಯದ ಕಾಯಿಲೆಯಿಂದ ಸಾಯುತ್ತಿದ್ದಾರೆ. ಒಂದೇ ವಾರದಲ್ಲಿ, ಸೆಪ್ಟೆಂಬರ್ 12ರಂದು, ಟೈಮ್ಸ್‌ನಲ್ಲಿ ಲಾರೆನ್ಸ್‌ರ ವರದಿ. ಸೇನೆಯೇ ಪತ್ರಕರ್ತರನ್ನು ಅಣುಬಾಂಬ್ ಪರೀಕ್ಷೆ ನಡೆದಿದ್ದ ನ್ಯೂ ಮೆಕ್ಸಿಕೊದ ಮೈದಾನಕ್ಕೆ ಕರೆದೊಯ್ದಿತ್ತು. ವಿಕಿರಣದಿಂದ ಜನ ಸಾಯುತ್ತಿದ್ದಾರೆಂಬುದು ಜಪಾನಿನ ಪ್ರಚಾರ ಎನ್ನುವ ಧಾಟಿಯಲ್ಲಿ ಲಾರೆನ್ಸ್ ಬರೆದರು. 1946ರಲ್ಲಿ ಲಾರೆನ್ಸ್‌ಗೆ ಮತ್ತೊಂದು ಪುಲಿಟ್ಜರ್ ಬಂತು. ಸತ್ಯ ಬರ್ಚೆಟ್ ಕಡೆಗಿತ್ತು.

ಲಾರೆನ್ಸ್ ಲಂಚಕೋರ ಎಂದು ನನಗೆ ಅನಿಸುವುದಿಲ್ಲ. ಆ ವಿಜ್ಞಾನಕ್ಕೆ ಅವರು ಮನಸೋತಿದ್ದರು, ಒಳಮನೆಗೆ ಪ್ರವೇಶ ಸಿಕ್ಕಿದ್ದರಿಂದ ಇನ್ನಷ್ಟು ಸೋತರು. ವಿಜ್ಞಾನ ಬರೆಯುವವರಿಗೆ ದುಡ್ಡಿಗಿಂತ ದೊಡ್ಡ ಉಪ್ಪು ಇದೇ.

ಈಗ ಒಂದು ಹಾಳೆ ತೆಗೆದುಕೊಂಡು ಪ್ರಾಮಾಣಿಕವಾಗಿ ಬರೆಯಿರಿ:

- ನಿಮ್ಮ, ಸಂಗಾತಿಯ, ಮನೆಯವರ ಹೆಸರಲ್ಲಿ ಯಾವ ಕಂಪನಿಯ ಷೇರು ಇದೆ?
- ಕಳೆದ ಮೂರು ವರ್ಷಗಳಲ್ಲಿ ಯಾರ ಖರ್ಚಿನಲ್ಲಿ ಪ್ರಯಾಣ ಮಾಡಿದ್ದೀರಿ, ಯಾರ ಫೆಲೊಶಿಪ್ ಪಡೆದಿದ್ದೀರಿ?
- ಯಾರ ಗೋಷ್ಠಿಯನ್ನು ನಡೆಸಿಕೊಟ್ಟು ಗೌರವಧನ ತೆಗೆದುಕೊಂಡಿದ್ದೀರಿ? ಯಾವ ಸಂಸ್ಥೆಗೆ ಬ್ರೋಷರ್, ವಾರ್ಷಿಕ ವರದಿ ಬರೆದುಕೊಟ್ಟಿದ್ದೀರಿ? ಹವ್ಯಾಸಿ ಪತ್ರಕರ್ತರು ಇದನ್ನು ಮರೆಯುವುದೇ ಹೆಚ್ಚು.
- ಯಾವ ಸಂಶೋಧಕರು ನಿಮ್ಮ ಗೆಳೆಯರು, ಗುರುಗಳು, ಹಳೆಯ ಸಹಪಾಠಿಗಳು?
- ಯಾವ ಕಾಯಿಲೆ ನಿಮ್ಮ ಮನೆಯಲ್ಲೇ ಇದೆ? ಯಾವ ವಿಷಯದಲ್ಲಿ ನೀವು ಈಗಾಗಲೇ ತೀರ್ಮಾನಕ್ಕೆ ಬಂದುಬಿಟ್ಟಿದ್ದೀರಿ?

ಕೊನೆಯದನ್ನು ಸಂಸ್ಥೆಗಳ ನಿಯಮಾವಳಿ ಕೇಳುವುದು ಅಪರೂಪ. ನೀವೇ ಕೇಳಿಕೊಳ್ಳಿ.

ಪಟ್ಟಿಯಲ್ಲಿರುವ ಯಾವುದಾದರೂ ಸಂಗತಿ ಕೈಯಲ್ಲಿರುವ ವರದಿಗೆ ತಾಗಿದರೆ ಮೂರು ದಾರಿಗಳಿವೆ: ಋಣವನ್ನೇ ಬಿಡಿಸಿಕೊಳ್ಳುವುದು, ವರದಿಯನ್ನು ಸಹೋದ್ಯೋಗಿಗೆ ಒಪ್ಪಿಸುವುದು, ಓದುಗರಿಗೆ ತಿಳಿಸಿ ಬರೆಯುವುದು. ಮೂರನೆಯದು ಅತ್ಯಂತ ಸುಲಭದ್ದು, ಹಾಗಾಗಿ ಎಲ್ಲರೂ ಅದಕ್ಕೇ ಜಾರುತ್ತಾರೆ. ‘ಲೇಖಕರು ಕಂಪನಿಯ ಆಹ್ವಾನದ ಮೇರೆಗೆ ತೆರಳಿದ್ದರು’ ಎಂಬ ಒಂದು ಸಾಲು ಓದುಗರಿಗೆ ಎಚ್ಚರಿಕೆ ಕೊಡುತ್ತದೆ ನಿಜ, ಆದರೆ ಅಲ್ಲಿಗೆ ಹೋಗದೆ ನೀವು ಏನು ಬರೆಯುತ್ತಿದ್ದಿರಿ ಎಂಬುದನ್ನು ತಿಳಿಸುವುದಿಲ್ಲ. ತೀರ್ಮಾನ ಯಾವುದೇ ಇರಲಿ, ಬರೆಯುವ ಮೊದಲೇ ಸಂಪಾದಕರಿಗೆ ಹೇಳಿ.

ಷೇರಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ನೀವು ವರದಿ ಮಾಡುವ ಕ್ಷೇತ್ರದ ಕಂಪನಿಗಳ ಷೇರು ಬೇಡವೇ ಬೇಡ. 1998ರ ಮೇ 3ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ, ಇಲಿಗಳ ಗೆಡ್ಡೆ ಕರಗಿಸಿದ ಎರಡು ಔಷಧಗಳ ಕುರಿತ ವರದಿ ಬಂತು. ಆ ಔಷಧಗಳ ಹಕ್ಕು ಹೊಂದಿದ್ದ ಎಂಟ್ರೆಮೆಡ್ ಎಂಬ ಕಂಪನಿಯ ಷೇರು ಶುಕ್ರವಾರ ಸುಮಾರು 12 ಡಾಲರಿನಲ್ಲಿದ್ದದ್ದು ಸೋಮವಾರ ಬೆಳಿಗ್ಗೆ 85ಕ್ಕೆ ತೆರೆಯಿತು. ಆ ಸಂಶೋಧನೆಯ ಮುಖ್ಯ ಸಂಗತಿ ಐದು ತಿಂಗಳ ಹಿಂದೆಯೇ ನೇಚರ್ ಎಂಬ ವಿಜ್ಞಾನ ಜರ್ನಲ್‌ನಲ್ಲಿ ಅಚ್ಚಾಗಿತ್ತು! ಹೊಸದಾಗಿದ್ದದ್ದು ಮುಖಪುಟ ಮಾತ್ರ. ನಾವು ಆರಿಸುವ ವಿಶೇಷಣಕ್ಕೆ ಅಷ್ಟು ಬೆಲೆ ಇರುವಾಗ, ಆ ಬೆಲೆಯಲ್ಲಿ ನಮ್ಮ ಪಾಲು ಇರಬಾರದು.

ಹೆಜ್ಜೆ 2: ಪ್ರೆಸ್ ರಿಲೀಸನ್ನು ಅರ್ಜಿಯಂತೆ ಓದಿ

ಪ್ರೆಸ್ ರಿಲೀಸ್ ಸುದ್ದಿಯಲ್ಲ. ಸುದ್ದಿಯಾಗಲು ಬಯಸುವವರು ಹಾಕಿಕೊಂಡ ಅರ್ಜಿ. ವಿಶ್ವವಿದ್ಯಾಲಯದ ಲಾಂಛನ ಇದ್ದರೆ ನಾವು ಇದನ್ನು ಮರೆಯುತ್ತೇವೆ. ಕಂಪನಿಗಿರುವಷ್ಟೇ ಹೆಸರಿನ ಆಸೆ, ಅನುದಾನದ ಆಸೆ ವಿಶ್ವವಿದ್ಯಾಲಯಕ್ಕೂ ಇದೆ.

2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳ 462 ಪ್ರೆಸ್ ರಿಲೀಸ್‌ಗಳನ್ನು ಮೂಲ ಪೇಪರ್‌ಗಳ, ಅಂದರೆ ಸಂಶೋಧನಾ ಪ್ರಬಂಧಗಳ, ಪಕ್ಕದಲ್ಲಿಟ್ಟು ನೋಡಿತು. 40 ಶೇಕಡಾದಲ್ಲಿ ಓದುಗರಿಗೆ ಕೊಟ್ಟ ಸಲಹೆ ಪೇಪರ್‌ನಲ್ಲಿದ್ದದ್ದಕ್ಕಿಂತ ಜೋರಾಗಿತ್ತು. 33 ಶೇಕಡಾದಲ್ಲಿ, ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂಬುದು ಒಂದು ಇನ್ನೊಂದಕ್ಕೆ ಕಾರಣ ಎಂಬುದಾಗಿ ಬದಲಾಗಿತ್ತು. ಪ್ರಾಣಿಗಳ ಮೇಲಿನ ಅಧ್ಯಯನಗಳ ರಿಲೀಸ್‌ಗಳಲ್ಲಿ 36 ಶೇಕಡಾ, ಮನುಷ್ಯರಿಗೂ ಅದು ಅನ್ವಯಿಸುತ್ತದೆಂದು ಅಳತೆ ಮೀರಿ ಹೇಳಿದ್ದವು. ರಿಲೀಸ್ ಉಬ್ಬಿಸಿದಾಗ ಸುದ್ದಿಯೂ ಉಬ್ಬಿತ್ತು, ರಿಲೀಸ್ ಹದದಲ್ಲಿದ್ದಾಗ ಸುದ್ದಿಯೂ ಬಹುಮಟ್ಟಿಗೆ ಹದದಲ್ಲಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ನಾವೇ ಎಂದಾಯಿತು.

ಮಾಡಬೇಕಾದದ್ದು ಸರಳ. ರಿಲೀಸಿನ ಪ್ರತಿ ದೊಡ್ಡ ಮಾತಿಗೂ ಮೂಲ ಪೇಪರ್‌ನಲ್ಲಿ ಬೆರಳಿಡಲು ಒಂದು ಸಾಲು ಹುಡುಕಿ. ಸಿಗದಿದ್ದರೆ ಆ ಮಾತು ನಿಮ್ಮ ಕಾಪಿಗೆ ಬರುವಂತಿಲ್ಲ. ಎಂಬಾರ್ಗೊ (ಇಂಥ ಹೊತ್ತಿಗೆ ಮುಂಚೆ ಪ್ರಕಟಿಸಬಾರದೆಂಬ ಷರತ್ತು) ಇದ್ದರೆ ಆ ಸಮಯವನ್ನು ಇದಕ್ಕೇ ಬಳಸಿ. ಆದರೆ ‘ಎಂಬಾರ್ಗೊ ಮುಗಿಯುವವರೆಗೆ ಹೊರಗಿನ ತಜ್ಞರನ್ನು ಮಾತಾಡಿಸುವಂತಿಲ್ಲ’ ಎಂಬ ಷರತ್ತು ಹಾಕಿದರೆ ಒಪ್ಪಬೇಡಿ. ಆ ಷರತ್ತೇ ಒಂದು ಸುದ್ದಿ.

ಹೆಜ್ಜೆ 3: ಪೇಪರನ್ನು ಬಾಲದಿಂದ ಓದಿ

ನಾನು ಪೇಪರ್ ತೆರೆದರೆ ಸಾರಾಂಶಕ್ಕೆ ಹೋಗುವುದಿಲ್ಲ, ನೇರ ಕೊನೆಗೆ ಹೋಗುತ್ತೇನೆ. ಉಲ್ಲೇಖಗಳ ಪಟ್ಟಿಗೆ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ, ಯಾರು ಹಣ ಕೊಟ್ಟರು, ಯಾರು ಯಾವ ಕೆಲಸ ಮಾಡಿದರು, ಯಾರಿಗೆ ಯಾವ ಹಿತಾಸಕ್ತಿ ಇದೆ ಎಂಬ ಘೋಷಣೆಗಳಿರುತ್ತವೆ. ಕೆಲವು ಜರ್ನಲ್‌ಗಳು ಇವನ್ನು ಪ್ರತ್ಯೇಕ ಫಾರ್ಮ್ ಆಗಿ ಇಟ್ಟಿರುತ್ತವೆ. ಒಂದು ಕ್ಲಿಕ್ ಹೆಚ್ಚು ಅಷ್ಟೆ, ಬಿಡಬೇಡಿ.

ಅಲ್ಲಿ ನೋಡಬೇಕಾದದ್ದು ‘ಹಣ ಯಾರದ್ದು’ ಎಂಬುದೊಂದನ್ನೇ ಅಲ್ಲ. ಹಣ ಕೊಟ್ಟವರ ಕೈ ಎಲ್ಲಿಯವರೆಗೆ ಚಾಚಿತ್ತು? ‘ಅಧ್ಯಯನದ ವಿನ್ಯಾಸ, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಬರವಣಿಗೆಯಲ್ಲಿ ಪ್ರಾಯೋಜಕರಿಗೆ ಪಾತ್ರವಿಲ್ಲ’ ಎಂದಿದ್ದರೆ ಒಂದು ಅರ್ಥ. ಈ ನಾಲ್ಕರಲ್ಲಿ ಒಂದು ಸದ್ದಿಲ್ಲದೆ ಬಿಟ್ಟುಹೋಗಿದ್ದರೆ ಬೇರೆಯೇ ಅರ್ಥ. ಲೇಖಕರಲ್ಲಿ ಕಂಪನಿಯ ನೌಕರರಿದ್ದಾರೆಯೇ, ಅಂಕಿಅಂಶ ವಿಶ್ಲೇಷಣೆ ಮಾಡಿದವರು ಅವರೇನಾ, ‘ವೈದ್ಯಕೀಯ ಬರವಣಿಗೆಯ ನೆರವಿಗೆ ಕೃತಜ್ಞತೆ’ ಎಂದು ಬೇರೊಂದು ಸಂಸ್ಥೆಯ ಹೆಸರಿದೆಯೇ ಎಂಬುದನ್ನೂ ನೋಡಿ.

ಔಷಧ ಪ್ರಯೋಗವಾದರೆ ಇನ್ನೊಂದು ಕೆಲಸವಿದೆ. ಪೇಪರ್‌ನಲ್ಲಿರುವ ನೋಂದಣಿ ಸಂಖ್ಯೆಯನ್ನು ಹಿಡಿದು, ಪ್ರಯೋಗಗಳ ಸಾರ್ವಜನಿಕ ನೋಂದಣಿ ತಾಣದಲ್ಲಿ ಅದರ ಹಳೆಯ ದಾಖಲೆ ತೆರೆಯಿರಿ. ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ 2000ದಿಂದ ಇದೆ. ಪ್ರಯೋಗ ಶುರುಮಾಡುವಾಗ ಏನನ್ನು ಅಳೆಯುತ್ತೇವೆ ಎಂದಿದ್ದರು, ಮುಗಿದ ಮೇಲೆ ಯಾವುದನ್ನು ಮುಂದಿಟ್ಟರು? ಎರಡೂ ಬೇರೆಯಾಗಿದ್ದರೆ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಸಿಕ್ಕಿತು. ಹೆಚ್ಚು ಸಂಗತಿಗಳನ್ನು ಅಳೆದಷ್ಟೂ ಯಾವುದಾದರೊಂದು ಆಕಸ್ಮಿಕವಾಗಿ ಗೆಲ್ಲುತ್ತದೆ. ಜಾನ್ ಬೊಹಾನನ್ ಎಂಬ ಪತ್ರಕರ್ತರು 2015ರಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸಿದರು. ಬರೀ 15 ಜನ, 18 ಅಳತೆಗಳು, ವೆಬ್‌ಸೈಟ್ ಬಿಟ್ಟರೆ ಬೇರೆಲ್ಲೂ ಇರದ ಒಂದು ಸಂಸ್ಥೆ. ಬಂದ ಫಲಿತಾಂಶ: ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ. ಹಲವು ದೇಶಗಳ ಮಾಧ್ಯಮಗಳು ಕಣ್ಣುಮುಚ್ಚಿ ಹಾಕಿದವು.

ಹೆಜ್ಜೆ 4: ಘೋಷಣೆಯ ಆಚೆಗೆ ಹುಡುಕಿ

‘ಹಿತಾಸಕ್ತಿ ಸಂಘರ್ಷ ಇಲ್ಲ’ ಎಂಬ ಸಾಲನ್ನು ಬರೆಯುವವರು ಲೇಖಕರೇ. ಜರ್ನಲ್ ಅದನ್ನು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ, ನಂಬಿಕೆಯ ಮೇಲೆ ಅಚ್ಚುಹಾಕುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಪ್ರೊಪಬ್ಲಿಕಾ ಮತ್ತು ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಅಮೆರಿಕದ ಖ್ಯಾತ ಕ್ಯಾನ್ಸರ್ ಆಸ್ಪತ್ರೆ ಮೆಮೊರಿಯಲ್ ಸ್ಲೋನ್ ಕೆಟರಿಂಗ್‌ನ ಮುಖ್ಯ ವೈದ್ಯಾಧಿಕಾರಿ ಹೋಸೆ ಬಸೆಲ್ಗಾ ಅವರ ಪೇಪರ್‌ಗಳನ್ನೂ, ಕಂಪನಿಗಳು ವೈದ್ಯರಿಗೆ ಕೊಡುವ ಹಣದ ಸರ್ಕಾರಿ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಲಕ್ಷಾಂತರ ಡಾಲರ್ ಪಾವತಿಗಳು ಹತ್ತಾರು ಪೇಪರ್‌ಗಳಲ್ಲಿ ಘೋಷಣೆಯಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಪತ್ರಕರ್ತರು ಬಳಸಿದ ದಾಖಲೆ ಗುಪ್ತವಾದದ್ದಲ್ಲ. ಓಪನ್ ಪೇಮೆಂಟ್ಸ್ ಎಂಬ ಆ ದತ್ತಾಂಶ 2014ರಿಂದ ಯಾರು ಬೇಕಾದರೂ ತೆರೆದು ನೋಡುವಂತಿತ್ತು.

ಎಲ್ಲ ದೇಶಗಳಲ್ಲೂ ಅಂಥ ದಾಖಲೆ ಇಲ್ಲ. ಇಲ್ಲದ ಕಡೆ ನಾನು ಹುಡುಕುವ ಕ್ರಮ ಇದು: ಸಂಶೋಧಕರ ಹೆಸರಿನಲ್ಲಿ ಪೇಟೆಂಟ್ ಅರ್ಜಿ, ಕಂಪನಿಗಳ ನಿರ್ದೇಶಕರ ಪಟ್ಟಿ, ಕಂಪನಿ ವೆಬ್‌ಸೈಟಿನ ‘ಸಲಹಾ ಮಂಡಳಿ’ ಪುಟ, ಅವರು ವಿಶ್ವವಿದ್ಯಾಲಯದ ಪುಟಕ್ಕೆ ಹಾಕಿರುವ ಬಯೋಡೇಟಾ, ಕಳೆದ ಮೂರು ವರ್ಷಗಳ ಬೇರೆ ಪೇಪರ್‌ಗಳಲ್ಲಿ ಅವರೇ ಕೊಟ್ಟ ಘೋಷಣೆಗಳು. ಕೊನೆಯದು ಬಹಳ ಫಲ ಕೊಡುತ್ತದೆ. ಒಂದು ಜರ್ನಲ್‌ಗೆ ‘ಇಲ್ಲ’ ಎಂದವರು ಅದೇ ವರ್ಷ ಇನ್ನೊಂದಕ್ಕೆ ಆರು ಕಂಪನಿಗಳ ಹೆಸರು ಕೊಟ್ಟಿರುವುದುಂಟು. ಬಹುಪಾಲು ಅದು ಮರೆವು, ಸೋಮಾರಿತನ. ಆದರೂ ಕೇಳಬೇಕು.

ಸಂಘ, ವೇದಿಕೆ, ಫೌಂಡೇಶನ್ ಹೆಸರಿನಲ್ಲಿ ಬರುವ ತಜ್ಞರಾದರೆ ಆ ವೆಬ್‌ಸೈಟ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ನೋಡಿ. ಬೊಜ್ಜಿಗೆ ಆಹಾರಕ್ಕಿಂತ ವ್ಯಾಯಾಮದ ಕೊರತೆಯೇ ಕಾರಣ ಎಂಬರ್ಥದ ಸಂದೇಶ ಸಾರುತ್ತಿದ್ದ ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್ ಎಂಬ ಸಂಸ್ಥೆಯ ಹಿಂದೆ ಕೋಕಾಕೋಲಾದ 15 ಲಕ್ಷ ಡಾಲರ್ ಇದೆ ಎಂದು 2015ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದರ ವೆಬ್‌ಸೈಟ್ ನೋಂದಣಿಯಾಗಿದ್ದದ್ದು ಅಟ್ಲಾಂಟಾದ ಕೋಕಾಕೋಲಾ ಕೇಂದ್ರ ಕಚೇರಿಯ ವಿಳಾಸಕ್ಕೇ. ಆ ವರ್ಷ ಮುಗಿಯುವಷ್ಟರಲ್ಲಿ ಸಂಸ್ಥೆ ಬಾಗಿಲು ಹಾಕಿತು.

ಹೀಗೆ ಹುಡುಕುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ತಿಳಿಯಲು ಬ್ರಿಟಿಷ್ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಪ್ರಕರಣ ನೋಡಿ. 1998ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ 12 ಮಕ್ಕಳ ಕುರಿತ ಅವರ ಪೇಪರ್ ಬಂತು. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಭೀತಿ ಜಗತ್ತಿಗೆಲ್ಲ ಹಬ್ಬಿತು. ವರ್ಷಗಟ್ಟಲೆ ಪತ್ರಿಕೆಗಳು ‘ಲಸಿಕೆ ಸುರಕ್ಷಿತವೇ?’ ಎಂದು ಎರಡೂ ಕಡೆಯವರನ್ನು ಕೂರಿಸಿ ಚರ್ಚೆ ಮಾಡಿದವು. 2004ರಲ್ಲಿ ಸಂಡೇ ಟೈಮ್ಸ್‌ನ ಬ್ರಯಾನ್ ಡೀರ್ ಬೇರೆ ಪ್ರಶ್ನೆ ಕೇಳಿದರು: ಈ ಮಕ್ಕಳು ಎಲ್ಲಿಂದ ಬಂದರು, ಹಣ ಎಲ್ಲಿಂದ ಬಂತು? ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರ ಮೂಲಕ, ಕಾನೂನು ನೆರವು ನಿಧಿಯಿಂದ ವೇಕ್‌ಫೀಲ್ಡ್‌ಗೆ ಹಣ ಬಂದಿತ್ತು. ಮಕ್ಕಳಲ್ಲಿ ಹಲವರು ಆ ಮೊಕದ್ದಮೆಯ ಕಡೆಯವರೇ. ಪೇಪರ್ ಬರುವ ಮುಂಚಿನ ವರ್ಷ ಅವರು ದಡಾರದ ಪ್ರತ್ಯೇಕ ಲಸಿಕೆಯೊಂದಕ್ಕೆ ಪೇಟೆಂಟ್ ಅರ್ಜಿಯನ್ನೂ ಹಾಕಿದ್ದರು. ಮುಂದೆ ಮಕ್ಕಳ ದಾಖಲೆಗಳನ್ನೇ ತಿರುಚಿದ್ದು ಬಯಲಾಯಿತು. 13 ಲೇಖಕರಲ್ಲಿ 10 ಮಂದಿ 2004ರಲ್ಲೇ ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಲ್ಯಾನ್ಸೆಟ್ ಪೇಪರನ್ನು ಹಿಂತೆಗೆದುಕೊಂಡದ್ದು 2010ರ ಫೆಬ್ರುವರಿಯಲ್ಲಿ. ಅದೇ ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ವೇಕ್‌ಫೀಲ್ಡ್ ಹೆಸರು ಹೋಯಿತು. ಹನ್ನೆರಡು ವರ್ಷ. ‘ಹಣ ಯಾರದ್ದು’ ಎಂದು ಮೊದಲ ವಾರದಲ್ಲೇ ಹತ್ತು ವರದಿಗಾರರು ಕೇಳಿದ್ದರೆ ಎಂದು ನಾನು ಯೋಚಿಸುತ್ತಿರುತ್ತೇನೆ.

ಹೆಜ್ಜೆ 5: ಬಾಯಿಬಿಟ್ಟು ಕೇಳಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಸಿಗುತ್ತಾರೆಂದು ನಮಗೆ ಕೇಳಲು ಮುಜುಗರ. ಮುಜುಗರ ತಪ್ಪಿಸಲು ಒಂದೇ ಉಪಾಯ: ಎಲ್ಲರನ್ನೂ ಕೇಳುವುದು. ನನ್ನ ಮಾತು ಹೀಗಿರುತ್ತದೆ:

‘ಸರ್, ಇದು ನಾನು ಮಾತಾಡಿಸುವ ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ. ಈ ಸಂಶೋಧನೆಯ ಫಲಿತಾಂಶ ಹೀಗೇ ಬಂದರೆ ನಿಮಗಾಗಲಿ, ನಿಮ್ಮ ಪ್ರಯೋಗಾಲಯಕ್ಕಾಗಲಿ, ಮನೆಯವರಿಗಾಗಲಿ ಲಾಭವಾಗುವಂಥದ್ದು ಏನಾದರೂ ಇದೆಯೇ? ಷೇರು, ಪೇಟೆಂಟ್, ಸಲಹಾ ಶುಲ್ಕ, ಅನುದಾನ, ಯಾವುದೇ ಇರಲಿ. ಈ ಸಂಶೋಧಕರ ಜೊತೆ ನೀವು ಪೇಪರ್ ಬರೆದಿದ್ದೀರಾ?’

‘ನಿಮಗೆ ಹಿತಾಸಕ್ತಿ ಸಂಘರ್ಷ ಇದೆಯೇ?’ ಎಂದು ಕೇಳಿದರೆ ತೊಂಬತ್ತು ಪಾಲು ಉತ್ತರ ‘ಛೆ, ಇಲ್ಲ’. ಸಂಘರ್ಷ ಎಂದರೆ ಅಪರಾಧ ಎಂದೇ ಅವರಿಗೆ ಕೇಳಿಸುತ್ತದೆ. ಷೇರು, ಪೇಟೆಂಟ್, ಶುಲ್ಕ ಎಂದು ಒಂದೊಂದಾಗಿ ಹೆಸರಿಟ್ಟರೆ ಜನ ಯೋಚಿಸಿ ಉತ್ತರಿಸುತ್ತಾರೆ. ಪ್ರಶ್ನೆಯನ್ನು ಸಂದರ್ಶನದ ನಡುವೆ ಇಡಿ. ಶುರುವಿಗೇ ಇಟ್ಟರೆ ಬಿಗಿಯಾಗುತ್ತಾರೆ, ಕೊನೆಗೆ ಇಟ್ಟರೆ ಅವಸರದಲ್ಲಿ ತಪ್ಪಿಸಿಕೊಳ್ಳುತ್ತಾರೆ. ಉತ್ತರವನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹೆಜ್ಜೆ 6: ನಿಜವಾಗಿ ಹೊರಗಿನವರನ್ನು ಹುಡುಕಿ

ಪೇಪರ್‌ನ ಲೇಖಕರೇ ‘ಇವರನ್ನು ಕೇಳಿ’ ಎಂದು ಕೊಡುವ ಹೆಸರುಗಳನ್ನು ಪಕ್ಕಕ್ಕಿಡಿ. ಪೇಪರ್‌ನ ಉಲ್ಲೇಖಗಳಲ್ಲಿ, ಅದನ್ನು ಪ್ರಶ್ನಿಸಿದ ಹಿಂದಿನ ಕೆಲಸಗಳಲ್ಲಿ, ವ್ಯವಸ್ಥಿತ ವಿಮರ್ಶೆಗಳನ್ನು (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗುವ ಲೇಖನಗಳನ್ನು) ಬರೆದವರಲ್ಲಿ ಹುಡುಕಿ. ಕಳೆದ ಐದು ವರ್ಷಗಳಲ್ಲಿ ಸಹಲೇಖಕರಾಗಿದ್ದರೆ ಅವರು ಹೊರಗಿನವರಲ್ಲ. ಪ್ರತಿಸ್ಪರ್ಧಿ ಪ್ರಯೋಗಾಲಯದವರೂ ಪೂರ್ತಿ ಹೊರಗಿನವರಲ್ಲ ಎಂಬುದನ್ನು ಮರೆಯುತ್ತೇವೆ. ಪ್ರತಿಸ್ಪರ್ಧಿ ಕಂಪನಿಯಿಂದ ಶುಲ್ಕ ಪಡೆಯುವವರು ಟೀಕಿಸಿದರೆ ಅದೂ ಓದುಗರಿಗೆ ಗೊತ್ತಾಗಬೇಕು. ಬಹಳ ಸಲ ನನಗೆ ಅತ್ಯಂತ ಉಪಯುಕ್ತರಾದದ್ದು ಆ ವಿಷಯದ ತಜ್ಞರೇ ಅಲ್ಲದ ಸಂಖ್ಯಾಶಾಸ್ತ್ರಜ್ಞರು. ಅವರಿಗೆ ಔಷಧ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಕೆಲವು ಸಣ್ಣ ಕ್ಷೇತ್ರಗಳಲ್ಲಿ ಎಲ್ಲರೂ ಎಲ್ಲರಿಗೂ ನಂಟರು. ಆಗ ಯಾರೂ ಸ್ವತಂತ್ರರಲ್ಲ ಎಂದು ಕೈಚೆಲ್ಲಬೇಡಿ. ನಂಟನ್ನು ಹೇಳಿಯೇ ಮಾತು ಹಾಕಿ, ‘ಸ್ವತಂತ್ರ’ ಎಂಬ ಪದ ಮಾತ್ರ ಬಳಸಬೇಡಿ.

ಹೆಜ್ಜೆ 7: ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ

ಇಲ್ಲಿ ನಿಧಾನಿಸಬೇಕು. ನಿಷ್ಪಕ್ಷಪಾತ ಎಂದರೆ ಎರಡು ಕಡೆಯವರಿಗೂ ಸಮ ಜಾಗ ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ರಾಜಕೀಯ ವರದಿಗೆ ಅದು ಒಂದು ಮಟ್ಟಿಗೆ ಸರಿ. ಸಾಕ್ಷ್ಯವೆಲ್ಲ ಒಂದೇ ಕಡೆ ರಾಶಿಬಿದ್ದಿರುವ ವಿಜ್ಞಾನದ ವಿಷಯದಲ್ಲಿ ಅದೇ ಪಕ್ಷಪಾತವಾಗುತ್ತದೆ.

ಈ ದುರ್ಬಲತೆಯನ್ನು ನಮಗಿಂತ ಮೊದಲು ಗುರುತಿಸಿದವರು ತಂಬಾಕು ಕಂಪನಿಗಳು. 1954ರ ಜನವರಿಯಲ್ಲಿ ಅವು ಒಟ್ಟಾಗಿ ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಸಿಗರೇಟು ಮತ್ತು ಕ್ಯಾನ್ಸರ್ ನಂಟು ಇನ್ನೂ ಸಾಬೀತಾಗಿಲ್ಲ, ನಾವೇ ಸಂಶೋಧನೆಗೆ ಹಣ ಕೊಡುತ್ತೇವೆ ಎಂದವು. 1969ರ ಒಂದು ಕಂಪನಿಯ ಒಳಟಿಪ್ಪಣಿ ಇನ್ನೂ ನೇರವಾಗಿತ್ತು: ಅನುಮಾನವೇ ನಮ್ಮ ಉತ್ಪನ್ನ. ಆ ಉತ್ಪನ್ನ ಮಾರಾಟವಾಗಲು ‘ಇನ್ನೊಂದು ಕಡೆಯವರನ್ನೂ ಕೇಳೋಣ’ ಎನ್ನುವ ವರದಿಗಾರ ಬೇಕಿತ್ತು, ಸಿಕ್ಕರು.

ಹವಾಮಾನ ಬದಲಾವಣೆಯಲ್ಲೂ ಅದೇ ಆಯಿತು. 1988ರಿಂದ 2002ರವರೆಗೆ ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ಬಾಯ್ಕಾಫ್ ಸೋದರರು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು, ಸುಮಾರು 53 ಶೇಕಡಾ ಲೇಖನಗಳು ಮನುಷ್ಯನ ಪಾತ್ರವಿದೆ ಎಂಬ ವಾದಕ್ಕೂ ಎಲ್ಲ ನೈಸರ್ಗಿಕ ಏರಿಳಿತ ಎಂಬ ವಾದಕ್ಕೂ ಹೆಚ್ಚುಕಡಿಮೆ ಸಮ ತೂಕ ಕೊಟ್ಟಿದ್ದವು. ವಿಜ್ಞಾನಿಗಳಲ್ಲಿ ಆ ಸಮತೂಕ ಇರಲೇ ಇಲ್ಲ. 2011ರಲ್ಲಿ ಬಿಬಿಸಿಯ ಆಗಿನ ಮೇಲ್ವಿಚಾರಣಾ ಮಂಡಳಿಯಾದ ಬಿಬಿಸಿ ಟ್ರಸ್ಟ್‌ಗಾಗಿ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ನಡೆಸಿದ ಪರಿಶೀಲನೆಯೂ ಈ ಹುಸಿ ಸಮತೋಲನದ ಬಗ್ಗೆ ಎಚ್ಚರಿಸಿತು.

ಹಾಗಾದರೆ ಹೇಗೆ ತೂಗುವುದು? ಭಿನ್ನಮತ ಕಂಡಾಗ ಮೂರು ಪ್ರಶ್ನೆ ಕೇಳಿ. ಭಿನ್ನಮತ ಇರುವುದು ಮೂಲ ಸಂಗತಿಯ ಬಗ್ಗೆಯೋ, ಅದರ ವಿವರ, ವೇಗ, ಪ್ರಮಾಣದ ಬಗ್ಗೆಯೋ? ಭಿನ್ನಮತೀಯರು ಆ ಕ್ಷೇತ್ರದಲ್ಲಿ ಸ್ವಂತ ದತ್ತಾಂಶ ಇಟ್ಟುಕೊಂಡು ಮಾತಾಡುತ್ತಿದ್ದಾರೆಯೇ? ಅವರ ಉಪ್ಪು ಯಾರದ್ದು? ಮೊದಲೆರಡಕ್ಕೆ ಗಟ್ಟಿ ಉತ್ತರ ಇದ್ದರೆ ಜಾಗ ಕೊಡಿ, ಎಷ್ಟು ತೂಕವಿದೆಯೋ ಅಷ್ಟೇ ಕೊಡಿ. ಇನ್ನು, ಸಾಕ್ಷ್ಯದಿಂದ ಆಚೆಗಿನ ಪ್ರಶ್ನೆಗಳು ಬೇರೆ. ತಾಪಮಾನ ಏರುತ್ತಿದೆಯೇ ಎಂಬುದು ವಿಜ್ಞಾನ. ಅದನ್ನು ತಡೆಯುವ ಖರ್ಚು ಯಾರು ಹೊರಬೇಕು ಎಂಬುದು ನೀತಿ. ಎರಡನೆಯದರಲ್ಲಿ ಹಳೆಯ ಅರ್ಥದ ನಿಷ್ಪಕ್ಷಪಾತ ಬೇಕೇ ಬೇಕು.

ಹೆಜ್ಜೆ 8: ಋಣವನ್ನು ತೂಗಿ, ತೀರ್ಪು ಕೊಡಬೇಡಿ

ಸಂಘರ್ಷ ಸಿಕ್ಕಿತೆಂದು ಸಂಶೋಧನೆಯನ್ನೇ ಕಸದ ಬುಟ್ಟಿಗೆ ಹಾಕುವುದು ಹೊಸಬರ ಉತ್ಸಾಹ. ನನಗೂ ಇತ್ತು. ಹೊಸ ಔಷಧಗಳ ದೊಡ್ಡ ಪ್ರಯೋಗಗಳಿಗೆ ಬಹುಪಾಲು ಹಣ ಬರುವುದೇ ಕಂಪನಿಗಳಿಂದ. ಕಂಪನಿ ಹಣದ ಅಧ್ಯಯನಗಳು ಕಂಪನಿಗೆ ಅನುಕೂಲವಾದ ತೀರ್ಮಾನಕ್ಕೆ ಹೆಚ್ಚಾಗಿ ಬರುತ್ತವೆ ಎಂದು, ಇಂಥ ವ್ಯವಸ್ಥಿತ ವಿಮರ್ಶೆಗಳನ್ನು ಪ್ರಕಟಿಸುವ ಕಾಕ್ರೇನ್ ಸಂಸ್ಥೆಯ ಒಂದು ವಿಮರ್ಶೆ 2017ರಲ್ಲಿ ತೋರಿಸಿದೆ. ಅಂದರೆ ವಾಲಿಕೆ ಇದೆ, ಹಾಗೆಂದು ಪ್ರತಿಯೊಂದೂ ಸುಳ್ಳಲ್ಲ. ವಾಲಿಕೆ ಹೆಚ್ಚಾಗಿ ಅಂಕಿಗಳನ್ನು ತಿರುಚುವುದರಿಂದ ಬರುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದರ ಜೊತೆ ಹೋಲಿಸಬೇಕು, ಯಾವ ಫಲಿತಾಂಶವನ್ನು ಡ್ರಾಯರಿನಲ್ಲೇ ಬಿಡಬೇಕು ಎಂಬ ಆಯ್ಕೆಗಳಲ್ಲಿ ಬರುತ್ತದೆ.

1967ರ ಸಕ್ಕರೆ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಹೃದ್ರೋಗಕ್ಕೆ ಕೊಬ್ಬು ಕಾರಣವೋ ಸಕ್ಕರೆಯೋ ಎಂಬ ವಿಮರ್ಶಾ ಲೇಖನ ಹಾರ್ವರ್ಡ್ ವಿಜ್ಞಾನಿಗಳಿಂದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬೆರಳು ಕೊಬ್ಬಿನ ಕಡೆ ತೋರಿಸಿತು. ಅದಕ್ಕೆ ಸಕ್ಕರೆ ಉದ್ಯಮದ ಸಂಘ 6,500 ಡಾಲರ್ ಕೊಟ್ಟಿತ್ತು ಎಂಬುದು ಹಳೆಯ ಪತ್ರಗಳಿಂದ ಹೊರಬಿದ್ದದ್ದು 2016ರಲ್ಲಿ. ಆ ಲೇಖನದಲ್ಲಿ ಕಟ್ಟುಕಥೆ ಇರಲಿಲ್ಲ. ಸಕ್ಕರೆಯನ್ನು ದೂರುವ ಅಧ್ಯಯನಗಳನ್ನು ಒಂದು ಗಟ್ಟಿ ಜರಡಿಯಲ್ಲಿ, ಕೊಬ್ಬನ್ನು ದೂರುವವನ್ನು ಸಡಿಲ ಜರಡಿಯಲ್ಲಿ ಸೋಸಿದ್ದರು. ಹಾಗೆಂದು ಕೊಬ್ಬಿನ ಪಾತ್ರವೇ ಸುಳ್ಳು ಎಂದು 2016ರಲ್ಲಿ ಕೆಲವು ಮಾಧ್ಯಮಗಳು ಬರೆದದ್ದೂ ಅತಿಯಾಯಿತು.

ದುಡ್ಡಿಲ್ಲದ ಋಣಗಳನ್ನೂ ತೂಗಿ. ಕೊರೊನಾ ವೈರಸ್ ಸಹಜವಾಗಿ ಬಂದದ್ದಲ್ಲ ಎಂಬ ಮಾತುಗಳನ್ನು ಖಂಡಿಸಿ 2020ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಜ್ಞಾನಿಗಳ ಹೇಳಿಕೆಯಲ್ಲಿ ಯಾವ ಹಿತಾಸಕ್ತಿಯೂ ಇಲ್ಲ ಎಂದಿತ್ತು. ಸಹಿ ಹಾಕಿದವರಲ್ಲಿ ಒಬ್ಬರಾದ ಪೀಟರ್ ಡಾಸ್ಜಾಕ್ ಅವರ ಸಂಸ್ಥೆ ವುಹಾನ್ ಪ್ರಯೋಗಾಲಯದ ಜೊತೆ ಕೆಲಸ ಮಾಡಿತ್ತು. 2021ರ ಜೂನ್‌ನಲ್ಲಿ ಜರ್ನಲ್ ಅವರ ಪರಿಷ್ಕೃತ ಘೋಷಣೆಯನ್ನು ಪ್ರಕಟಿಸಿತು. ವೈರಸ್ ಎಲ್ಲಿಂದ ಬಂತು ಎಂಬುದನ್ನು ಆ ನಂಟು ನಿರ್ಧರಿಸುವುದಿಲ್ಲ. ಮೊದಲೇ ಹೇಳಿದ್ದರೆ ಅನುಮಾನ ಅಷ್ಟು ಬೆಳೆಯುತ್ತಿರಲಿಲ್ಲ ಅಷ್ಟೆ.

ಹೆಜ್ಜೆ 9: ಕಾಪಿಯಲ್ಲಿ ಎಲ್ಲಿ, ಹೇಗೆ ಹೇಳುವುದು

ನಂಟಿನ ಸಾಲು ಆ ವ್ಯಕ್ತಿಯ ಮಾತಿನ ಪಕ್ಕದಲ್ಲೇ ಇರಬೇಕು. ಕೊನೆಯ ಪ್ಯಾರಾದಲ್ಲಿಟ್ಟರೆ ಪುಟ ಕಟ್ಟುವಾಗ ಮೊದಲು ಕತ್ತರಿಗೆ ಸಿಗುವುದು ಅದೇ.

ಹೀಗೆ ಬೇಡ: ‘ಈ ಔಷಧ ಕ್ರಾಂತಿಕಾರಿ ಎಂದು ಹಿರಿಯ ಹೃದ್ರೋಗ ತಜ್ಞರೊಬ್ಬರು ಹೇಳಿದರು.’

ಹೀಗಿರಲಿ: ‘ಔಷಧ ತಯಾರಕ ಕಂಪನಿಯಿಂದ ಸಲಹಾ ಶುಲ್ಕ ಪಡೆಯುವ, ಆದರೆ ಈ ಪ್ರಯೋಗದಲ್ಲಿ ಭಾಗವಹಿಸದ ಹೃದ್ರೋಗ ತಜ್ಞರೊಬ್ಬರು, ಫಲಿತಾಂಶ ಭರವಸೆ ಮೂಡಿಸುತ್ತದೆ ಎಂದರು.’

ಎರಡನೆಯದರಲ್ಲಿ ಆರೋಪವೂ ಇಲ್ಲ, ಮುಚ್ಚುಮರೆಯೂ ಇಲ್ಲ. ‘ಕಂಪನಿಯ ಕೃಪಾಪೋಷಿತ’ ಎಂಬಂಥ ಮಾತು ನಿಮ್ಮ ಕೋಪವನ್ನು ತೋರಿಸುತ್ತದೆ, ಓದುಗರಿಗೆ ಏನನ್ನೂ ತಿಳಿಸುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ‘ಹೃದಯಾಘಾತಕ್ಕೆ ಮದ್ದು ಸಿಕ್ಕಿತು’ ಎಂದು ಶೀರ್ಷಿಕೆ ಬಿದ್ದರೆ ಕೆಲಸ ಕೆಟ್ಟಂತೆ. ಆದ್ದರಿಂದ ಕಾಪಿಯ ಜೊತೆ ಎರಡು ಶೀರ್ಷಿಕೆಗಳನ್ನು ನೀವೇ ಬರೆದುಕೊಡಿ. ಕೆಲಸದ ಒತ್ತಡದಲ್ಲಿರುವ ಉಪಸಂಪಾದಕರು ಬೇಡ ಎನ್ನುವುದು ಅಪರೂಪ. ಅದೇ ಪುಟದಲ್ಲಿ ಅದೇ ಕಂಪನಿಯ ಜಾಹೀರಾತು ಬರುತ್ತಿದೆಯೇ ಎಂದೂ ಕೇಳಿನೋಡಿ. ಜಾಹೀರಾತು ವಿಭಾಗದಿಂದ ನೇರ ನಿಮಗೆ ಫೋನ್ ಬಂದರೆ ಉತ್ತರಿಸುವುದು ನಿಮ್ಮ ಕೆಲಸವಲ್ಲ, ಸಂಪಾದಕರಿಗೆ ಒಪ್ಪಿಸಿ.

ಹೆಜ್ಜೆ 10: ಅಚ್ಚಾದ ಮೇಲೆ

ಮೂಲದವರಿಗೆ ಪೂರ್ತಿ ಕಾಪಿ ಮೊದಲೇ ತೋರಿಸಬೇಕೇ ಎಂಬ ಜಗಳ ಹಳೆಯದು. ಅವರದೇ ಮಾತು, ಅಂಕಿ, ತಾಂತ್ರಿಕ ವಿವರಗಳನ್ನು ಓದಿ ಹೇಳಿ ಖಚಿತಪಡಿಸಿಕೊಳ್ಳುತ್ತೇನೆ. ಟೀಕಿಸಿದವರ ಮಾತುಗಳನ್ನು, ನನ್ನ ವಿಶ್ಲೇಷಣೆಯನ್ನು ಯಾರಿಗೂ ತೋರಿಸುವುದಿಲ್ಲ. ವರದಿಯ ನಂತರ ಬರುವ ಉಡುಗೊರೆಯನ್ನು ಹಿಂದಕ್ಕೆ ಕಳಿಸಿ, ಕಳಿಸಿದ್ದನ್ನು ಸಂಪಾದಕರಿಗೆ ತಿಳಿಸಿ. ಆರು ತಿಂಗಳಿಗೊಮ್ಮೆ, ನೀವು ವರದಿ ಮಾಡಿದ ಪೇಪರ್‌ಗಳಲ್ಲಿ ಯಾವುದಾದರೂ ಹಿಂತೆಗೆದುಕೊಂಡಿದ್ದಾರೆಯೇ ನೋಡಿ. 2010ರಲ್ಲಿ ಶುರುವಾದ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶ ಇದಕ್ಕೆ ಸಾಕು. ಸಿಕ್ಕರೆ ಹಳೆಯ ವರದಿಯ ತಲೆಯ ಮೇಲೇ ಒಂದು ಸಾಲು ಹಾಕಿಸಿ.

ನಂಟು ತಡವಾಗಿ ತಿಳಿದರೂ ಅಷ್ಟೇ. ನನ್ನ ಆ ಉಪಕರಣದ ವರದಿಗೆ ಕೊನೆಗೆ ಸೇರಿದ ತಿದ್ದುಪಡಿ ಹೀಗಿತ್ತು: ‘ಈ ವರದಿಯಲ್ಲಿ ಸ್ವತಂತ್ರ ತಜ್ಞರೆಂದು ಉಲ್ಲೇಖಿಸಿದವರು ಉಪಕರಣ ತಯಾರಕ ಕಂಪನಿಯ ಸಲಹಾ ಮಂಡಳಿಯ ಸದಸ್ಯರು. ವರದಿಗಾರರು ಈ ಬಗ್ಗೆ ಅವರನ್ನು ಕೇಳಿರಲಿಲ್ಲ.’ ಎರಡನೇ ವಾಕ್ಯ ಬೇಡ ಎಂದು ಡೆಸ್ಕ್ ಹೇಳಿತ್ತು. ನಾನೇ ಹಾಕಿಸಿದೆ.